ಸಂಶೋಧಕನ ವಾಕ್ಕು: ತೆಂಗಿನ ಸೀಮೆಯಿಂದ ಕಂಡ ಒಂದು ಚರಿತ್ರೆ

ವಿಜ್ಞಾನಿಗೆ ಬೇಕಾದುವು ಬುದ್ಧಿ, ತಾಳ್ಮೆ, ಉಪಕರಣ ಈ ಮೂರೇ. ವಾಕ್ಕೆಂಬುದು ಕವಿಗೂ ವಕೀಲನಿಗೂ ಬಿಟ್ಟ ವಿಷಯ ಎಂಬ ಭಾವನೆಯು ನಮ್ಮ ಕಾಲೇಜುಗಳಲ್ಲಿ ಬಹುಕಾಲದಿಂದ ನೆಲೆಗೊಂಡಿದೆ. ಸಾಹಿತ್ಯದ ಅಧ್ಯಾಪಕರು ಸಹ ಇದನ್ನು ಒಪ್ಪಿಕೊಂಡವರಂತೆಯೇ ನಡೆದುಕೊಳ್ಳುತ್ತಾರೆ. ವಿಜ್ಞಾನದ ವಿದ್ಯಾರ್ಥಿಗೆ ಭಾಷಾಪಾಠವನ್ನು ಹೇಳುವಾಗ, ಆತನಿಗೆ ಇದರಿಂದ ಮುಂದೆ ಆಗಬೇಕಾದುದು ಏನೂ ಇಲ್ಲವಷ್ಟೆ ಎಂಬ ಉದಾಸೀನವು ಅವರ ಪಾಠದಲ್ಲಿ ತಾನಾಗಿಯೇ ಬಂದು ಸೇರುತ್ತದೆ. ಈ ಭಾವನೆಗೆ ಚರಿತ್ರೆಯಲ್ಲಿ ಆಧಾರವಿಲ್ಲ. ಕಂಡುದನ್ನು ಕೇಳುವವನಿಗೆ ತಿಳಿಯುವಂತೆ ಹೇಳುವ ಶಕ್ತಿಯಿಂದಲೇ ಸಂಶೋಧಕನ ಏಳಿಗೆಯಾಗಿದೆ. ಆ ಶಕ್ತಿಯಿಲ್ಲದ ಕಡೆ ಸಂಶೋಧನೆಯೇ ಕಾಣದಂತಾಗಿದೆ. ಆದರೆ ನಮ್ಮ ನಾಡಿನಲ್ಲಿ ಈ ವಿಷಯಕ್ಕೆ ಬೇರೆ ದೇಶಗಳಲ್ಲಿ ಕಾಣದ ಒಂದು ತೊಡಕು ಉಂಟು. ಇಲ್ಲಿ ಸಂಶೋಧಕನಿಗೆ ಏಳಿಗೆಯನ್ನು ತರುವ ನುಡಿ ಒಂದು, ಅವನ ಸಂಶೋಧನೆಯಿಂದ ಪ್ರಯೋಜನ ಪಡೆಯಬೇಕಾದವರ ನುಡಿ ಇನ್ನೊಂದು. ಈ ಎರಡೂ ಎಂದು ಬೇರೆಯಾದುವು, ಅವನ್ನು ಕೂಡಿಸಲು ಯಾರು ಯಾರು ಯತ್ನಿಸಿದರು ಎಂಬುದನ್ನು ವಿಚಾರಮಾಡುವುದು ಈ ಲೇಖನದ ಉದ್ದೇಶ.

ವಿಚಾರಕ್ಕೆ ನಿಲ್ಲುವ ನೆಲವಾಗಿ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಎಂಬ ತುಮಕೂರು ಜಿಲ್ಲೆಯ ಮೂರು ತಾಲ್ಲೂಕುಗಳ ತೆಂಗಿನ ಸೀಮೆಯನ್ನು ಆರಿಸಿಕೊಂಡಿದ್ದೇನೆ. ಅದಕ್ಕೆ ಕಾರಣಗಳೆರಡು. ಹೊಸ ಕಾಲದ ವಿಷಯಗಳನ್ನು ಹೇಳುವುದಕ್ಕೆ ಕನ್ನಡವನ್ನು ಹದಗೊಳಿಸಿದವರಲ್ಲಿ ಇಬ್ಬರು ಈ ಸೀಮೆಯಲ್ಲಿಯೇ ಹುಟ್ಟಿದವರು: ಬಿ. ಎಂ. ಶ್ರೀಕಂಠಯ್ಯನವರು ೧೮೮೪ರಲ್ಲಿ ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ, ತೀ. ನಂ. ಶ್ರೀಕಂಠಯ್ಯನವರು ೧೯೦೬ರಲ್ಲಿ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ. ಕನ್ನಡ ವಿಜ್ಞಾನವಾಙ್ಮಯಕ್ಕೆ ಅಡಿಗಲ್ಲಿಟ್ಟ ಬೆಳ್ಳಾವೆ ವೆಂಕಟನಾರಣಪ್ಪನವರ ಊರಾದ ಬೆಳ್ಳಾವೆಯೂ ಇದೇ ಜಿಲ್ಲೆಯಲ್ಲಿ, ಈ ತಾಲ್ಲೂಕುಗಳಿಂದ ಮೂಡಲಿಗೆ, ಬಹು ದೂರವಲ್ಲದೆ ಇದೆ. ಇದು ಮೊದಲನೆಯ ಕಾರಣ. ಎರಡನೆಯದು, ಈ ಸೀಮೆಯ ಬಾಳಿಗೆ ಆಧಾರವಾದ ತೆಂಗಿನ ಮರವು ಒಂದು ಶತಮಾನಕ್ಕೂ ಮೇಲ್ಪಟ್ಟು ವಿಜ್ಞಾನಿಗಳ ಸಂಶೋಧನೆಗೆ ವಸ್ತುವಾಗಿದ್ದರೂ, ಆ ಸಂಶೋಧನೆಯ ನುಡಿ ತೋಟದವನ ನುಡಿಯಾಗದೆ ಉಳಿದಿರುವುದು. ನುಡಿಯನ್ನು ಹದಗೊಳಿಸಿದವರು ಹುಟ್ಟಿದ ನೆಲದಲ್ಲಿಯೇ ಆ ನುಡಿಯ ಕೊರತೆ ಕಾಣುತ್ತಿರುವುದು ವಿಚಾರಕ್ಕೆ ತಕ್ಕ ವಿಷಯವೆಂದು ನನಗೆ ತೋರಿತು.

ಹಿಂದೆ ಹೀಗಿರಲಿಲ್ಲ. ಚಾಲುಕ್ಯರ ಆಳಿಕೆಯಲ್ಲಿ ಇಮ್ಮಡಿ ಚಾವುಂಡರಾಯನು ಸುಮಾರು ೧೦೨೫ರಲ್ಲಿ ಲೋಕೋಪಕಾರವನ್ನು ರಚಿಸಿದನು. ಮಳೆಯ ಲಕ್ಷಣ, ನೀರಿನ ನೆಲೆ, ಅಡುಗೆ, ವಿಷವೈದ್ಯ ಇವುಗಳೊಡನೆ ವೃಕ್ಷಾಯುರ್ವೇದವೂ ಅದರಲ್ಲಿ ಅಡಕವಾಗಿದೆ. ೧೦೪೯ರಲ್ಲಿ ಶ್ರೀಧರಾಚಾರ್ಯನು ಜಾತಕತಿಲಕವನ್ನು ಬರೆದು ಜ್ಯೋತಿಷವನ್ನು ಕನ್ನಡಕ್ಕೆ ತಂದನು. ೧೨ನೆಯ ಶತಮಾನದ ರಾಜಾದಿತ್ಯನು ವ್ಯವಹಾರಗಣಿತವನ್ನು ಮಾಡಿ, ಲೆಕ್ಕವನ್ನು ಪೇಟೆಯವನಿಗೂ ಎಟಕುವಂತೆ ಹೇಳಿದನು. ಇವರೆಲ್ಲರೂ ಸಂಸ್ಕೃತದಲ್ಲಿ ಬರೆಯಬಲ್ಲವರೇ. ಬರೆದಿದ್ದರೆ ಕಾಶಿಯಿಂದ ಕಾಂಚಿಯವರೆಗೆ ಓದುವವರು ಇದ್ದರು. ಆದರೂ ಕನ್ನಡವನ್ನು ಹಿಡಿದರು. ಇದಕ್ಕೆ ದೇಶಭಾಷೆಯ ಮೇಲಣ ಪ್ರೀತಿಯೊಂದನ್ನೇ ಕಾರಣವಾಗಿ ಹೇಳುವುದು ನಮ್ಮ ಸಾಹಿತ್ಯಚರಿತ್ರಕಾರರ ವಾಡಿಕೆ. ನನಗೆ ಅದು ಅರೆಯಾದ ಉತ್ತರವೆಂದು ತೋರುತ್ತದೆ. ಆಶ್ರಯಕೊಡುವ ಅರಸನೂ, ಆಸ್ಥಾನದ ರಸಿಕನೂ, ಗ್ರಂಥದಿಂದ ಪ್ರಯೋಜನ ಪಡೆಯುವ ಗೃಹಸ್ಥನೂ ಒಂದೇ ನುಡಿಯಾಡುವವರಾಗಿದ್ದುದರಿಂದ, ಶಾಸ್ತ್ರಕಾರನಿಗೆ ಕೀರ್ತಿ ಬರುವ ದಾರಿಯೂ ಲೋಕಕ್ಕೆ ಉಪಕಾರವಾಗುವ ದಾರಿಯೂ ಒಂದೇ ಆಗಿದ್ದುವು. ಗ್ರಂಥದ ಹೆಸರೇ ಅದನ್ನು ಹೇಳುತ್ತದೆ.

ಇನ್ನು ಹೇಳುವ ಶಕ್ತಿಯು ಸಂಶೋಧನೆಯ ಅಂಗವೇ ಹೌದೆ, ಅಲ್ಲ ಹೊರಗಿನಿಂದ ತೊಡಿಸುವ ಒಡವೆಯೆ ಎಂಬ ಪ್ರಶ್ನೆ. ಇದಕ್ಕೆ ಎರಡು ನಿದರ್ಶನಗಳು ಸಾಕು. ಮೊರೇವಿಯದ ಬ್ರೂನ್ ಪಟ್ಟಣದ ಮಠವಾಸಿಯಾದ ಗ್ರೆಗೊರ್ ಮೆಂಡಲನು ಬಟಾಣಿ ಗಿಡಗಳಲ್ಲಿ ಎಂಟು ವರ್ಷ ಪ್ರಯೋಗಗಳನ್ನು ನಡೆಸಿ, ೧೮೬೫ರಲ್ಲಿ ಅಲ್ಲಿನ ನಿಸರ್ಗಶಾಸ್ತ್ರ ಸಂಘದಲ್ಲಿ ಅವನ್ನು ಎರಡು ದಿನ ಓದಿದನು. ಮಾರನೆಯ ವರ್ಷ ಅದು ಅಚ್ಚಾಯಿತು. ಗಿಡಗಳ ವಿಷಯವನ್ನು ಗಣಿತದ ಅನುಪಾತಗಳಲ್ಲಿ ಹೇಳಿದ ಆ ಬರಹದ ಮರ್ಮವು ಕೇಳಿದವರಿಗೂ ಓದಿದವರಿಗೂ ತಿಳಿಯಲಿಲ್ಲ. ಮೆಂಡಲನು ಮಠದ ಅಧಿಪತಿಯಾದನು, ೧೮೮೪ರಲ್ಲಿ ತೀರಿಕೊಂಡನು. ಅವನ ನಿಯಮಗಳು ಬೆಳಕು ಕಂಡುದು ೧೯೦೦ರಲ್ಲಿ, ಬೇರೆ ಮೂವರು ವಿಜ್ಞಾನಿಗಳ ಮೂಲಕ.

ಎರಡನೆಯ ನಿದರ್ಶನವು ನಮ್ಮ ಬೆಂಗಳೂರಿಗೆ ಸಂಬಂಧಿಸಿದುದು. ಸಿ. ವಿ. ರಾಮನ್ನರು ೧೯೨೮ನೆಯ ಫೆಬ್ರವರಿ ೨೮ರಂದು ಕಲ್ಕತ್ತೆಯಲ್ಲಿ ತಮ್ಮ ಪರಿಣಾಮವನ್ನು ಕಂಡರು. ಮಾರನೆಯ ದಿವಸವೇ ವೃತ್ತಪತ್ರಿಕೆಗಳಿಗೆ ಸುದ್ದಿ ಕೊಟ್ಟರು; ಇಂಗ್ಲೆಂಡಿನ ‘ನೇಚರ್’ ಪತ್ರಿಕೆಗೆ ಕಿರಿದಾದ ಟಿಪ್ಪಣಿಯನ್ನು ಕಳುಹಿಸಿದರು; ಮಾರ್ಚಿ ೧೬ರಂದು ಬೆಂಗಳೂರಿಗೆ ಬಂದು ದಕ್ಷಿಣ ಭಾರತ ವಿಜ್ಞಾನ ಸಂಘದ ಮುಂದೆ ‘ಒಂದು ಹೊಸ ವಿಕಿರಣ’ ಎಂಬ ಉಪನ್ಯಾಸವನ್ನು ಮಾಡಿದರು. ಆ ಉಪನ್ಯಾಸವನ್ನು ತಡಮಾಡದೆ ಅಚ್ಚುಹಾಕಿಸಿ ಪ್ರಪಂಚದ ವಿಜ್ಞಾನಿಗಳಿಗೆ ಅಂಚೆಯಲ್ಲಿ ಕಳುಹಿಸಿಕೊಟ್ಟರು. ಅದೇ ಫೆಬ್ರವರಿಯಲ್ಲಿ ಮಾಸ್ಕೋವಿನ ಲ್ಯಾಂಡ್ಸ್‌ಬರ್ಗ್ ಮತ್ತು ಮ್ಯಾಂಡಲ್‌ಸ್ಟಾಮರು ಸ್ಫಟಿಕಶಿಲೆಯಲ್ಲಿ ಇದೇ ವಿಷಯವನ್ನು ತಾವಾಗಿಯೇ ಕಂಡಿದ್ದರು. ಆದರೆ ಅವರ ಲೇಖನವು ಪತ್ರಿಕೆಗೆ ಹೊರಟುದು ಮೇ ತಿಂಗಳಲ್ಲಿ. ೧೯೩೦ರ ನೊಬೆಲ್ ಬಹುಮಾನವು ರಾಮನ್ನರಿಗೆ ಬಂದಿತು. ರಾಮನ್ನರ ಪ್ರತಿಭೆಯನ್ನು ಕುಂದಿಸಲು ಇದನ್ನು ಹೇಳುತ್ತಿಲ್ಲ. ಕಂಡ ಕೂಡಲೆ ಕಂಡುದು ಏನೆಂದು ಸ್ಪಷ್ಟವಾಗಿ ತಿಳಿದು, ಅದನ್ನು ಯಾರಿಗೆ, ಎಷ್ಟು ಮಾತಿನಲ್ಲಿ, ಯಾವ ಕ್ರಮದಲ್ಲಿ ಹೇಳಬೇಕೆಂದು ನಿಶ್ಚಯಿಸುವುದೂ ಆ ಪ್ರತಿಭೆಯ ಒಂದು ಮುಖವೇ ಎಂಬುದಕ್ಕಾಗಿ ಹೇಳಿದೆ. ಅವರ ಉಪನ್ಯಾಸಗಳನ್ನು ಕೇಳಲು ಭೌತಶಾಸ್ತ್ರವನ್ನು ಅರಿಯದವರೂ ಕಿಕ್ಕಿರಿಯುತ್ತಿದ್ದರು.

ಆದರೆ ರಾಮನ್ನರು ಹಿಡಿದ ದಾರಿ ಇಂಗ್ಲಿಷಿನದು. ಆ ಕಾಲಕ್ಕೆ ಬೇರೆ ದಾರಿಯೂ ಇರಲಿಲ್ಲ. ಮೈಸೂರು ವಿಶ್ವವಿದ್ಯಾನಿಲಯವು ೧೯೧೬ರಲ್ಲಿ ಸ್ಥಾಪಿತವಾದಾಗ ಅದರ ಪಾಠ, ಪರೀಕ್ಷೆ, ಪ್ರಬಂಧ ಎಲ್ಲವೂ ಇಂಗ್ಲಿಷಿನಲ್ಲಿ. ದೇಶೀಯ ಸಂಸ್ಥಾನದ ದೇಶೀಯ ವಿಶ್ವವಿದ್ಯಾನಿಲಯವಾದರೂ ಅದರ ಅಧ್ಯಾಪಕನಿಗೆ ಬಡ್ತಿ ಬರಬೇಕಾದರೆ ಲಂಡನ್ನಿನ ಪತ್ರಿಕೆಯಲ್ಲಿ ಹೆಸರು ಬರಬೇಕಾಗಿದ್ದಿತು. ಲೋಕೋಪಕಾರದ ಕಾಲದಲ್ಲಿ ಒಂದಾಗಿದ್ದ ದಾರಿಗಳು ಇಲ್ಲಿ ಎರಡಾದುವು.

ಈ ಸ್ಥಿತಿಯಲ್ಲಿ ವೆಂಕಟನಾರಣಪ್ಪನವರು ಮಾಡಿದ ಕೆಲಸದ ಬೆಲೆ ತಿಳಿಯುತ್ತದೆ. ೧೮೭೨ರಲ್ಲಿ ಹುಟ್ಟಿದ ಇವರು ಬೆಂಗಳೂರು ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರು. ೧೯೧೫ರಲ್ಲಿ ಸ್ಥಾಪಿತವಾದ ಕನ್ನಡ ಸಾಹಿತ್ಯ ಪರಿಷತ್ತಿನ ಆರಂಭದ ದಿನಗಳಿಂದ ಅದರ ದುಡಿಮೆಯಲ್ಲಿ ಹೆಗಲುಕೊಟ್ಟವರು. ಕರ್ಣಾಟಕ ವಿಜ್ಞಾನ ಪ್ರಚಾರಿಣೀ ಸಮಿತಿಯ ಪರವಾಗಿ ನಂಗಪುರಂ ವೆಂಕಟೇಶಯ್ಯಂಗಾರ್ಯರೊಡನೆ ಸೇರಿ ೧೯೧೮ರಲ್ಲಿ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಅದು ೧೯೧೯ರವರೆಗೆ ಎರಡು ವರ್ಷ ನಡೆದು ನಿಂತಿತು.

ಎರಡೇ ವರ್ಷವೆಂದು ಇದನ್ನು ಹಗುರವಾಗಿ ಕಾಣುವುದು ನ್ಯಾಯವಲ್ಲ. ಆ ಹೊತ್ತಿಗೆ ಕನ್ನಡದಲ್ಲಿ ವಿಜ್ಞಾನದ ಗದ್ಯವೆಂಬುದು ಶಾಲಾಪುಸ್ತಕಗಳ ಹೊರಗೆ ಇರಲಿಲ್ಲವೆಂದೇ ಹೇಳಬೇಕು. ಪ್ರತಿಯೊಬ್ಬ ಲೇಖಕನೂ ವಾಕ್ಯಕ್ಕೆ ತೊಡಗುವ ಮುಂಚೆ ಪದವನ್ನು ಹುಡುಕಬೇಕು. ಪದವು ಸಿಕ್ಕಿದ ಮೇಲೆ, ಓದುವವನಿಗೆ ಅದು ಹೊಸದಾದುದರಿಂದ, ಅರ್ಥವನ್ನು ವಾಕ್ಯದಲ್ಲಿಯೇ ಬಿಡಿಸಬೇಕು. ಭೌತಶಾಸ್ತ್ರವನ್ನು ಇಂಗ್ಲಿಷಿನಲ್ಲಿ ಕಲಿತು ಇಂಗ್ಲಿಷಿನಲ್ಲಿಯೇ ಕಲಿಸುತ್ತಿದ್ದವರಿಗೆ ಈ ಶ್ರಮವು ಒಂದು ಬಗೆಯ ಮರುಕಲಿಕೆಯೇ ಆಗಿದ್ದಿರಬೇಕು. ಪರಿಭಾಷೆಯ ಮರೆಯಲ್ಲಿ ಅಡಗಿರುವ ಅಸ್ಪಷ್ಟತೆಯು ಭಾಷಾಂತರದಲ್ಲಿ ಬಯಲಿಗೆ ಬೀಳುತ್ತದೆ. ಇಂಗ್ಲಿಷಿನಲ್ಲಿ ‘ಫೋರ್ಸ್’ ಎಂದು ಹೇಳಿ ಮುಂದೆ ಹೋಗಬಹುದು. ಕನ್ನಡದಲ್ಲಿ ಬಲವೋ, ಶಕ್ತಿಯೋ, ಒತ್ತಡವೋ ಎಂದು ನಿಂತು ಯೋಚಿಸಬೇಕಾಗುತ್ತದೆ. ಯೋಚಿಸುವಾಗ ವಿಷಯವೇ ತಿಳಿಯಾಗುತ್ತದೆ.

ವೆಂಕಟನಾರಣಪ್ಪನವರ ಮುಂದಿನ ಕೆಲಸಗಳು ಆ ಅಭ್ಯಾಸದ ಫಲವೆಂದೇ ನನ್ನ ಊಹೆ. ಪರಿಷತ್ತಿಗಾಗಿ ೧೯೩೧ರಲ್ಲಿ ಪಂಪಭಾರತವನ್ನು ಸಂಪಾದಿಸಿದರು. ೧೯೩೯ರಲ್ಲಿ ‘ಜೀವವಿಜ್ಞಾನ’ವನ್ನು ಪ್ರಕಟಿಸಿದರು. ಭೌತಶಾಸ್ತ್ರದ ಅಧ್ಯಾಪಕನು ಒಂದು ಕೈಯಿಂದ ಪಂಪನ ಪಾಠಾಂತರಗಳನ್ನೂ ಇನ್ನೊಂದು ಕೈಯಿಂದ ಜೀವಿಗಳ ವಿಚಾರವನ್ನೂ ನಿರ್ವಹಿಸಿದುದನ್ನು ನೋಡಿ ಈಗಿನ ವಿಭಾಗಮುಖ್ಯರು ಬೆಚ್ಚಿಬೀಳಬಹುದು. ೧೯೩೭ರಲ್ಲಿ ಜಮಖಂಡಿಯ ಸಾಹಿತ್ಯ ಸಮ್ಮೇಳನಕ್ಕೆ ಅವರನ್ನು ಅಧ್ಯಕ್ಷರನ್ನಾಗಿ ಆರಿಸಿ ಕನ್ನಡಿಗರು ಗೌರವಿಸಿದರು. ೧೯೪೩ರಲ್ಲಿ ತೀರಿಕೊಂಡರು. ಇಲ್ಲಿ ಒಂದಂಶವನ್ನು ಗಮನಿಸಬೇಕು. ಅವರಿಗೆ ಮನ್ನಣೆಯು ಸಾಹಿತ್ಯದ ಸಭೆಯಲ್ಲಿ ದೊರೆತಿತು. ವಿಜ್ಞಾನವನ್ನು ಕನ್ನಡದಲ್ಲಿ ಹೇಳುವುದು ಸಾಹಿತ್ಯಸೇವೆಯೆಂದು ಎಣಿಸಲ್ಪಟ್ಟಿತೇ ಹೊರತು ವಿಜ್ಞಾನಸೇವೆಯೆಂದು ಎಣಿಸಲ್ಪಡಲಿಲ್ಲ. ಈ ಎಣಿಕೆಯು ಇಂದಿಗೂ ಬದಲಾಗಿಲ್ಲ.

ಸಂಪಿಗೆಯಲ್ಲಿ ಹುಟ್ಟಿದ ‘ಶ್ರೀ’ಯವರು ವಿಜ್ಞಾನಿಗಳಲ್ಲ, ಇಂಗ್ಲಿಷಿನ ಪ್ರೊಫೆಸರು. ೧೯೧೧ರಲ್ಲಿ ಧಾರವಾಡದ ವಿದ್ಯಾವರ್ಧಕ ಸಂಘದಲ್ಲಿ ಕನ್ನಡ ಮಾತು ತಲೆಯೆತ್ತುವ ಬಗೆಯನ್ನು ಕುರಿತು ಅವರು ಮಾಡಿದ ಉಪನ್ಯಾಸವೂ, ೧೯೨೬ರ ‘ಇಂಗ್ಲಿಷ್ ಗೀತಗಳು’ ಕವಿತೆಗೆ ತಂದ ತಿರುವೂ ಈ ಪತ್ರಿಕೆಯ ವಾಚಕರಿಗೆ ತಿಳಿದ ವಿಷಯಗಳಾದುದರಿಂದ ವಿಸ್ತರಿಸುವುದಿಲ್ಲ. ನಮ್ಮ ಪ್ರಸ್ತಾಪಕ್ಕೆ ಬೇಕಾದುದು ಅವರ ಇನ್ನೊಂದು ಕೆಲಸ. ೧೯೨೬ರಿಂದ ೧೯೩೦ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ರಿಜಿಸ್ಟ್ರಾರರಾಗಿದ್ದ ಅವರು, ವಿಶ್ವವಿದ್ಯಾನಿಲಯದ ಜ್ಞಾನವು ಕಾಲೇಜಿನ ಗೋಡೆಯೊಳಗೆ ನಿಲ್ಲಬಾರದೆಂದು ಸಾರುತ್ತ ಬಂದವರು. ೧೯೩೦ರ ದಶಕದಲ್ಲಿ ಪ್ರಚಾರೋಪನ್ಯಾಸಗಳ ಏರ್ಪಾಡು ಜಾರಿಗೆ ಬಂದಾಗ ಅದರ ಹಿಂದೆ ಅವರ ಪ್ರೇರಣೆಯಿದ್ದಿತು. ಅಧ್ಯಾಪಕರು ಊರೂರಿಗೆ ಹೋಗಿ ಕನ್ನಡದಲ್ಲಿ ಚರಿತ್ರೆ, ಆರೋಗ್ಯ, ವಿಜ್ಞಾನ ಮೊದಲಾದ ವಿಷಯಗಳನ್ನು ಕುರಿತು ಮಾತನಾಡುವುದು, ಆ ಉಪನ್ಯಾಸಗಳನ್ನು ಸಣ್ಣ ಪುಸ್ತಕಗಳಾಗಿ ಅಚ್ಚುಮಾಡಿ ಅಲ್ಪ ಬೆಲೆಗೆ ಕೊಡುವುದು, ಇದು ಕ್ರಮ.

ಈ ಏರ್ಪಾಡಿನಿಂದ ಹಳ್ಳಿಯವರಿಗೆ ಏನಾಯಿತೆಂಬುದನ್ನು ಕುರಿತು ಬರೆದವರುಂಟು. ಅಧ್ಯಾಪಕರಿಗೆ ಏನಾಯಿತೆಂಬುದೂ ಅಷ್ಟೇ ಮುಖ್ಯವಾದ ವಿಷಯ. ತರಗತಿಯಲ್ಲಿ ಹುಡುಗರು ಪರೀಕ್ಷೆಯ ಭಯದಿಂದ ಕುಳಿತಿರುತ್ತಾರೆ, ತಿಳಿಯದಿದ್ದರೂ ಎದ್ದುಹೋಗುವಂತಿಲ್ಲ. ಊರ ಚಾವಡಿಯ ಮುಂದೆ ಸೇರಿದ ಜನಕ್ಕೆ ಆ ಬಂಧನವಿಲ್ಲ. ದಿನದ ಕೆಲಸವನ್ನು ಮುಗಿಸಿಕೊಂಡು ಬಂದ ಒಕ್ಕಲಿಗನು ಮಾತು ಹಿಡಿಸದಿದ್ದರೆ ಕಂಬಳಿಯನ್ನು ಕೊಡವಿಕೊಂಡು ಹೊರಡುತ್ತಾನೆ. ಹಿಡಿಸಿದರೆ, ಉಪನ್ಯಾಸಕನು ಎಣಿಸಿರದ ಪ್ರಶ್ನೆಯನ್ನು ಕೇಳುತ್ತಾನೆ. ಇಂಥ ಸಭೆಯಲ್ಲಿ ಪಳಗಿದ ಅಧ್ಯಾಪಕನು ಪಂಡಿತರ ಸಭೆಯಲ್ಲಿ ಅಂಜಬೇಕಾದುದಿಲ್ಲ. ಇಂಗ್ಲೆಂಡಿನ ಹಕ್ಸ್‌ಲಿಯು ೧೮೬೮ರಲ್ಲಿ ನಾರಿಚ್ ನಗರದ ಕೂಲಿಕಾರರ ಮುಂದೆ ಒಂದು ಸೀಮೆಸುಣ್ಣದ ತುಂಡನ್ನು ಹಿಡಿದು ಭೂಮಿಯ ಚರಿತ್ರೆಯನ್ನೆಲ್ಲ ಹೇಳಿದನು. ಆ ದೇಶದಲ್ಲಿ ಅದರಿಂದ ಅವನ ವಿಜ್ಞಾನದ ಪ್ರತಿಷ್ಠೆಗೆ ಕುಂದು ಬರಲಿಲ್ಲ, ಹೆಚ್ಚಿತು. ನಮ್ಮ ಪ್ರಚಾರೋಪನ್ಯಾಸಕಾರರಿಗೆ ಆ ಭಾಗ್ಯವಿರಲಿಲ್ಲ.

ತೀರ್ಥಪುರದ ತೀ. ನಂ. ಶ್ರೀಯವರು ಇದೇ ಗರಡಿಯ ಮುಂದಿನ ತಲೆಮಾರಿನವರು. ಇವರ ಸಂಶೋಧನೆ ಭಾಷೆಯನ್ನೂ ಕಾವ್ಯಶಾಸ್ತ್ರವನ್ನೂ ಕುರಿತದ್ದು. ಆದರೆ ಕಠಿನವಾದ ಶಾಸ್ತ್ರವನ್ನು ತಿಳಿಗನ್ನಡದಲ್ಲಿ ಹೇಳುವುದು ಹೇಗೆಂಬುದನ್ನು ಕಲಿಯಬಯಸುವ ವಿಜ್ಞಾನಿಗೆ ೧೯೫೩ರ ‘ಭಾರತೀಯ ಕಾವ್ಯಮೀಮಾಂಸೆ’ಗಿಂತ ಮೇಲಾದ ಪಾಠವು ನನಗೆ ತಿಳಿದಿಲ್ಲ. ಅದರಲ್ಲಿ ಪಾರಿಭಾಷಿಕ ಪದವು ಬರುವ ಮುಂಚೆ ಅದು ಯಾವ ತೊಡಕನ್ನು ಬಿಡಿಸಲು ಹುಟ್ಟಿತೆಂಬುದು ಓದುವವನಿಗೆ ತಿಳಿದಿರುತ್ತದೆ. ಪೂರ್ವಪಕ್ಷವನ್ನು ಅದರ ಪೂರ್ಣಬಲದೊಡನೆ ಹೇಳಿದ ಮೇಲೆಯೇ ಉತ್ತರವು ಬರುತ್ತದೆ. ನಿಶ್ಚಿತವಾದುದಕ್ಕೂ ಊಹೆಗೂ ನಡುವಣ ಗೆರೆಯು ಎಲ್ಲಿಯೂ ಅಳಿಸುವುದಿಲ್ಲ. ಧ್ವನಿಯ ಸ್ಥಾನದಲ್ಲಿ ಬೆಳಕಿನ ಅಲೆಯನ್ನೂ, ರಸದ ಸ್ಥಾನದಲ್ಲಿ ಸಸ್ಯದ ಜೀವರಸವನ್ನೂ ಇಟ್ಟುಕೊಂಡರೆ ಇದು ವಿಜ್ಞಾನಪ್ರಬಂಧದ ಲಕ್ಷಣವೇ ಅಲ್ಲವೆ? ನಮ್ಮ ಕನ್ನಡ ಅಧ್ಯಾಪಕರು ಈ ಗ್ರಂಥವನ್ನು ಅದರ ವಸ್ತುವಿಗಾಗಿ ಪಾಠ ಹೇಳುತ್ತಾರೆ. ಅದರ ಹೇಳಿಕೆಯ ಕ್ರಮಕ್ಕಾಗಿ, ವಿಜ್ಞಾನದ ವಿದ್ಯಾರ್ಥಿಗಳ ಮುಂದೆ, ಒಂದೆರಡು ಪ್ರಕರಣಗಳನ್ನು ಓದಿಸಿ ನೋಡಬಹುದು.

ಇನ್ನು ತೆಂಗಿನ ಕಡೆಗೆ ತಿರುಗುವ. ಭಾರತದಲ್ಲಿ ತೆಂಗಿನ ಸಂಶೋಧನೆಯು ಕ್ರಮವಾಗಿ ಆರಂಭವಾದುದು ೧೯೧೬ರಲ್ಲಿ, ಕಾಸರಗೋಡಿನಲ್ಲಿ. ಕಾಸರಗೋಡು ಆಗ ಮದರಾಸು ಅಧಿಪತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದಿತು. ೧೯೫೬ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೇರಳಕ್ಕೆ ಹೋಯಿತು. ಅದರ ನೆರೆಯ ನೀಲೇಶ್ವರದಲ್ಲಿ ಜೆ. ಎಸ್. ಪಟೇಲರು ೧೯೩೨ರಲ್ಲಿ ಎತ್ತರದ ಜಾತಿಯನ್ನೂ ಗಿಡ್ಡ ಜಾತಿಯನ್ನೂ ಕೂಡಿಸಿ ಮಿಶ್ರತಳಿಯನ್ನು ಪಡೆದರು. ೧೯೩೮ರಲ್ಲಿ ತೆಂಗನ್ನು ಕುರಿತು ಅವರ ಇಂಗ್ಲಿಷ್ ಗ್ರಂಥವು ಮದರಾಸಿನಲ್ಲಿ ಅಚ್ಚಾಯಿತು. ೧೯೪೮ರಲ್ಲಿ ಆ ಸಂಶೋಧನಾಲಯವು ಇಂಡಿಯನ್ ಸೆಂಟ್ರಲ್ ಕೋಕನಟ್ ಕಮಿಟಿಗೆ ಸೇರಿತು. ೧೯೭೦ರಿಂದ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನ ಸಂಸ್ಥೆಯೆಂದು ಪ್ರಸಿದ್ಧವಾಗಿದೆ. ತಿಪಟೂರಿಗೆ ನೆರೆಯ ಅರಸೀಕೆರೆಯಲ್ಲಿ ತೆಂಗಿನ ಸಂಶೋಧನ ಕೇಂದ್ರವಿದೆ; ತಿಪಟೂರಿನ ಬಳಿ ಕೊನೇಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಈ ಸೀಮೆಯ ಮರವು ‘ತಿಪಟೂರು ಟಾಲ್’ ಎಂಬ ಹೆಸರಿನಿಂದ ವಿಜ್ಞಾನಿಗಳ ಪಟ್ಟಿಗೆ ಏರಿದೆ. ಅದರಿಂದ ಆಯ್ದು ಬೆಳಸಿದ ತಳಿಗೆ ‘ಕಲ್ಪತರು’ ಎಂದು ಹೆಸರಿಟ್ಟಿದ್ದಾರೆ. ಸಂಶೋಧನೆಗೆ ಕೊರತೆಯಿಲ್ಲ. ಅದು ಹೊರಬೀಳುವ ನುಡಿ ಮಾತ್ರ ಇಂಗ್ಲಿಷು.

ತೋಟದವನ ಕಡೆಯೂ ವಿದ್ಯೆ ಇಲ್ಲದಿಲ್ಲ. ಈ ಸೀಮೆಯ ವಿಶೇಷವಾದ ಉಂಡೆ ಕೊಬ್ಬರಿಯನ್ನೇ ತೆಗೆದುಕೊಳ್ಳೋಣ. ಚೆನ್ನಾಗಿ ಬಲಿತ ಕಾಯನ್ನು ಸಿಪ್ಪೆ ಸುಲಿಯದೆ ಅಟ್ಟದ ಮೇಲೆ ಏರಿಸಿ ಎಂಟು, ಹತ್ತು, ಕೆಲವು ವೇಳೆ ಹನ್ನೆರಡು ತಿಂಗಳು ಹಾಗೆಯೇ ಬಿಡುತ್ತಾರೆ. ಒಳಗಣ ನೀರು ಮೆಲ್ಲಮೆಲ್ಲನೆ ಇಂಗುತ್ತದೆ. ತಿರುಳು ಚಿಪ್ಪಿನಿಂದ ಬಿಟ್ಟುಕೊಳ್ಳುತ್ತದೆ. ಕಾಯನ್ನು ಅಲ್ಲಾಡಿಸಿದರೆ ಒಳಗೆ ಉಂಡೆಯು ಉರುಳುವ ಸದ್ದಾಗುತ್ತದೆ. ಆ ಸದ್ದಿನಿಂದ ಹದವನ್ನು ತಿಳಿದು ಸುಲಿದು ಒಡೆದು ತಿಪಟೂರಿನ ಪೇಟೆಗೆ ತರುತ್ತಾರೆ. ಬಿಸಿಲಿಗೆ ಹೋಳುಗಳನ್ನು 	ಒಣಗಿಸಿ ಗಾಣಕ್ಕೆ ಕಳುಹಿಸುವ ಕರಾವಳಿಯ ಕ್ರಮವೇ ಬೇರೆ, ಇದೇ ಬೇರೆ. ಸರ್ಕಾರವು ಬೆಂಬಲ ಬೆಲೆಯನ್ನು ಗೊತ್ತುಮಾಡುವಾಗಲೂ ಇವೆರಡನ್ನು ಬೇರೆಬೇರೆಯಾಗಿಯೇ ಎಣಿಸುತ್ತದೆ. ಪದದ ವಿಚಾರವೂ ಸ್ವಾರಸ್ಯವಾದುದು. ಇಂಗ್ಲಿಷಿನ ‘ಕಾಪ್ರ’ ಎಂಬುದು ಮಲೆಯಾಳದ ‘ಕೊಪ್ಪರ’ವು ಪೋರ್ಚುಗೀಸರ ಬಾಯಿಂದ ದಾಟಿಕೊಂಡು ಹೋದ ರೂಪ, ನಮ್ಮ ‘ಕೊಬ್ಬರಿ’ ಅದರ ದಾಯಾದಿ. ಅಂದರೆ ಈ ಶಾಸ್ತ್ರದ ಮೂಲಪದವನ್ನೇ ತೋಟದವರು ವಿಜ್ಞಾನಿಗಳಿಗೆ ಕೊಟ್ಟಿದ್ದಾರೆ. ಕೊಡುವ ಕೊಳ್ಳುವ ಈ ವ್ಯವಹಾರವು ಮುಂದೆ ಒಂದೇ ಕಡೆಯದಾಗಿ ನಿಂತುಹೋಯಿತು.

ನಿಂತುದರಿಂದ ಆಗುವ ನಷ್ಟವು ಸಾಮಾನ್ಯವಲ್ಲ. ಒಂದು ರೋಗದ ಹೆಸರನ್ನು ನೋಡೋಣ. ತೆಂಗಿನ ಬುಡವನ್ನು ಕೊಳೆಯಿಸಿ ಮರವನ್ನೇ ಕೊಲ್ಲುವ ಗ್ಯಾನೊಡರ್ಮ ಎಂಬ ಶಿಲೀಂಧ್ರದ ಬೇನೆಗೆ ನಮ್ಮವರು ‘ಅಣಬೆ ರೋಗ’ ಎನ್ನುತ್ತಾರೆ. ಹೆಸರು ಸುಂದರವಾಗಿದೆ, ಕಣ್ಣಿಗೆ ಕಾಣುವುದನ್ನೇ ಹೇಳುತ್ತದೆ. ಆದರೆ ಅಣಬೆಯು ಬುಡದಲ್ಲಿ ಏಳುವುದು ರೋಗವು ಮುಗಿಲುಮುಟ್ಟಿದ ಮೇಲೆ; ಹಲವು ವೇಳೆ ಮರವು ಸತ್ತ ಮೇಲೆ. ಹೆಸರನ್ನು ನಂಬಿ ಅಣಬೆಗಾಗಿ ಕಾಯುವ ತೋಟದವನು ಹೊತ್ತುಮೀರಿ ಎಚ್ಚರಗೊಳ್ಳುತ್ತಾನೆ. ಅದಕ್ಕೆ ಮುಂಚೆಯೇ ಕೆಳಗಿನ ಗರಿಗಳು ಬಣ್ಣಗೆಟ್ಟು ಕಾಂಡಕ್ಕೆ ಒರಗಿ ಜೋತುಬೀಳುತ್ತವೆ. ಬುಡದಲ್ಲಿ ಕಂದುಬಣ್ಣದ ರಸವು ಒಸರುತ್ತದೆ. ನೆಲದೊಳಗೆ ಬೇರುಗಳು ಕೊಳೆತಿರುತ್ತವೆ. ಇಲ್ಲಿ ಇನ್ನೊಂದು ತೊಡಕು: ಕಾಂಡದಿಂದ ರಸ ಸೋರುವ ಬೇರೆ ರೋಗವೂ ಒಂದುಂಟು, ಅದರ ಶಿಲೀಂಧ್ರವೇ ಬೇರೆ, ಅದಕ್ಕೆ ಮಾಡಬೇಕಾದುದೂ ಬೇರೆ. ಆದುದರಿಂದ ಸಂಶೋಧಕನು ರಸ ಸೋರಿದರೆ ಹೀಗೆ ಮಾಡಿರಿ ಎಂದಷ್ಟೇ ಹೇಳಿ ಹೋದರೆ ತಿಳಿವಳಿಕೆಗಿಂತ ಗೊಂದಲವೇ ಹೆಚ್ಚು. ಗರಿಯನ್ನು ನೋಡು, ಬುಡವನ್ನು ನೋಡು, ಬೇರನ್ನು ಕೆದಕಿ ನೋಡು, ಆ ಮೇಲೆ ನಿಶ್ಚಯಿಸು ಎಂದು ಕ್ರಮವಾಗಿ ಹೇಳಬೇಕು. ಜನರ ಹೆಸರನ್ನು ತಳ್ಳಿಹಾಕದೆ ಅದರ ಮೋಸವನ್ನು ತೋರಿಸಬೇಕು. ಇದು ಔಷಧವನ್ನು ಕಂಡುಹಿಡಿಯುವಷ್ಟೇ ಕಷ್ಟವಾದ ಕೆಲಸ. ಇದನ್ನು ಮಾಡಿದವನಿಗೆ ಬಡ್ತಿಯ ಲೆಕ್ಕದಲ್ಲಿ ಏನು ಸಲ್ಲುತ್ತದೆ?

ನುಸಿಯ ವಿಷಯವು ಇದಕ್ಕೆ ಎದುರಾದುದು. ತೆಂಗಿನ ನುಸಿಯು ಭಾರತದಲ್ಲಿ ಇರುವುದು ಕೇರಳದಿಂದ ೧೯೯೮ರಲ್ಲಿ ವರದಿಯಾಯಿತು. ಕೆಲವೇ ವರ್ಷಗಳಲ್ಲಿ ಕರ್ಣಾಟಕದ ತೋಟಗಳಿಗೂ ಹಬ್ಬಿತು. ಮೆಕ್ಸಿಕೋ ದೇಶದ ಗೆರೆರೊ ಪ್ರಾಂತದ ಕಾಯಿಗಳಿಂದ ತೆಗೆದು ೧೯೬೫ರಲ್ಲಿ ವರ್ಣಿಸಲ್ಪಟ್ಟ ಈ ಜೀವಿಯು ಮಿಲಿಮೀಟರಿನ ಕಾಲು ಭಾಗದಷ್ಟೂ ಇಲ್ಲ, ಬರಿಗಣ್ಣಿಗೆ ಕಾಣದು. ಅಣಬೆ ರೋಗದಲ್ಲಿ ಜನರು ಕಂಡುದಕ್ಕೆ ಹೆಸರಿಟ್ಟರು. ಇಲ್ಲಿ ಕಾಣದುದನ್ನು ನಂಬಿಸಬೇಕಾಗಿದ್ದಿತು. ‘ನುಸಿ’ ಎಂಬ ಹಳೆಯ ಮಾತು ಇಲ್ಲಿ ನೆರವಾಯಿತು. ಎಳೆಗಾಯಿಯ ತೊಟ್ಟಿನ ಎಸಳುಗಳ ಅಡಿಯಲ್ಲಿ ಅದು ಕುಳಿತು ರಸಹೀರುವುದೆಂದೂ, ಎಸಳಿನಿಂದ ಕೆಳಕ್ಕೆ ಇಳಿಯುವ ಬಿಳಿಯ ಮುಮ್ಮೂಲೆಯ ಗುರುತೇ ಅದರ ಹೆಜ್ಜೆಯೆಂದೂ, ಅದೇ ಮುಂದೆ ಕಂದಾಗಿ ಬಿರಿಯುವುದೆಂದೂ ತಿಳಿಸಿದಾಗ ಒಕ್ಕಲಿಗನಿಗೆ ಕಣ್ಣು ಬಂದಂತಾಯಿತು. ಬೇವಿನ ಎಣ್ಣೆ, ಬೆಳ್ಳುಳ್ಳಿ, ಸಾಬೂನುಗಳ ಮಿಶ್ರಣವನ್ನು ಸಿಂಪಡಿಸುವ ಸಲಹೆಯು ಮನೆಯ ಪದಾರ್ಥಗಳ ಹೆಸರಿನಲ್ಲಿಯೇ ಇದ್ದುದರಿಂದ ಬೇಗ ಬಾಯಿಂದ ಬಾಯಿಗೆ ಹೋಯಿತು. ಎತ್ತರದ ಮರಗಳಿಗೆ ಅದನ್ನು ಏರಿಸುವ ಕಷ್ಟ ಬೇರೆ ಮಾತು.

ಈ ಎರಡು ದಾರಿಗಳಲ್ಲಿಯೂ ಒಬ್ಬನೇ ನಡೆಯಬಲ್ಲನೆ ಎಂದರೆ, ನಡೆದವರುಂಟು. ಬಿ. ಜಿ. ಎಲ್. ಸ್ವಾಮಿಯವರು ಅಮೆರಿಕದ ಹಾರ್ವರ್ಡಿನಲ್ಲಿ ಬೇಯ್ಲಿಯವರೊಡನೆ ದುಡಿದು, ಸಾರ್ಕಾಂಡ್ರ ಎಂಬ ಗಿಡದ ಕಾಷ್ಠದಲ್ಲಿ ನೀರ್ಗೊಳವೆಗಳಿಲ್ಲವೆಂದು ೧೯೫೦ರಲ್ಲಿ ಪ್ರಕಟಿಸಿ ಸಸ್ಯಶಾಸ್ತ್ರಜ್ಞರ ಮನ್ನಣೆಯನ್ನು ಪಡೆದರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಾಧ್ಯಾಪಕರೂ ಪ್ರಾಂಶುಪಾಲರೂ ಆದರು. ಅವರ ‘ಹಸುರು ಹೊನ್ನು’ ಗ್ರಂಥಕ್ಕೆ ೧೯೭೮ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಆದರೆ ಇಲ್ಲಿಯೂ ವೆಂಕಟನಾರಣಪ್ಪನವರ ಕಥೆಯೇ. ಸಸ್ಯಶಾಸ್ತ್ರದ ಪೀಠವನ್ನು ಇಂಗ್ಲಿಷ್ ಲೇಖನಗಳು ಕೊಟ್ಟುವು. ಕನ್ನಡ ಬರಹಕ್ಕೆ ಸಾಹಿತಿಗಳು ಹಾರ ಹಾಕಿದರು. ಒಂದೇ ಮನಸ್ಸಿನ ಒಂದೇ ನೋಟವೆಂದು ಯಾವ ಸಮಿತಿಯೂ ಅವನ್ನು ಕೂಡಿಸಿ ಎಣಿಸಲಿಲ್ಲ.

ಎಣಿಕೆಯು ಈಚೆಗೆ ಇನ್ನೂ ಬಿಗಿಯಾಗಿದೆ. ಯೂನಿವರ್ಸಿಟಿ ಗ್ರಾಂಟ್ಸ್ ಕಮಿಷನ್ನು ೨೦೧೦ರಲ್ಲಿ ಅಧ್ಯಾಪಕರ ನೇಮಕಕ್ಕೂ ಬಡ್ತಿಗೂ ಅಂಕಗಳ ಲೆಕ್ಕವನ್ನು ತಂದಿತು. ೨೦೧೮ರಲ್ಲಿ ಅದನ್ನು ಬದಲಿಸಿತು. ಪತ್ರಿಕೆಗಳಲ್ಲಿ ಅಚ್ಚಾದ ಸಂಶೋಧನ ಲೇಖನಗಳೇ ಅದರ ಬೆನ್ನೆಲುಬಾಗಿ ಉಳಿದುವು. ೨೦೧೮ರಲ್ಲಿಯೇ ಕೇಂದ್ರದ ವಿಜ್ಞಾನ ಇಲಾಖೆಯು ಸಂಶೋಧನ ವಿದ್ಯಾರ್ಥಿಗಳು ತಮ್ಮ ಕೆಲಸವನ್ನು ಸಾಮಾನ್ಯರಿಗೆ ತಿಳಿಯುವಂತೆ ಬರೆದರೆ ಬಹುಮಾನ ಕೊಡುವ ‘ಅವ್ಸರ್’ ಎಂಬ ಯೋಜನೆಯನ್ನು ಹೊರಡಿಸಿತು. ಒಳ್ಳೆಯದೇ. ಆದರೆ ಬಹುಮಾನವು ಹಬ್ಬದೂಟದಂತೆ. ನಿತ್ಯದ ಅನ್ನವು ಬಡ್ತಿಯ ಲೆಕ್ಕದಲ್ಲಿದೆ.

ತಿಪಟೂರಿನ ಅಥವಾ ಚಿಕ್ಕನಾಯಕನಹಳ್ಳಿಯ ಕನ್ನಡ ಶಾಲೆಯಲ್ಲಿ ಕಲಿತು ಸಂಶೋಧನೆಗೆ ಹೋಗುವ ಹುಡುಗನೋ ಹುಡುಗಿಯೋ ಇವೆಲ್ಲದರ ನಡುವೆ ಸಿಕ್ಕಿಕೊಳ್ಳುತ್ತಾರೆ. ಅವರಿಗೆ ವಿಷಯ ತಿಳಿದಿರುತ್ತದೆ; ವಿಚಾರಗೋಷ್ಠಿಯಲ್ಲಿ ಎದ್ದು ನಿಂತಾಗ ಇಂಗ್ಲಿಷು ಬಾಯಿಗೆ ಬರುವುದಿಲ್ಲ. ನಾಲ್ಕೈದು ವರ್ಷಗಳಲ್ಲಿ ಇಂಗ್ಲಿಷು ಒಂದಿಷ್ಟು ಒದಗುವ ಹೊತ್ತಿಗೆ ತಮ್ಮ ಕೆಲಸವನ್ನು ಮನೆಯ ಹಿರಿಯರಿಗೆ ಕನ್ನಡದಲ್ಲಿ ಹೇಳುವ ಶಕ್ತಿಯು ಹೋಗಿರುತ್ತದೆ. ಇದಕ್ಕೆ ಮದ್ದೆಂದು ಇಂಗ್ಲಿಷ್ ಸಂಭಾಷಣೆಯ ತರಗತಿಗಳನ್ನು ಹೂಡುವವರು ಬೇರಿನ ರೋಗಕ್ಕೆ ಎಲೆಗೆ ಔಷಧ ಹಾಕುತ್ತಿದ್ದಾರೆಂದು ನನ್ನ ಅಭಿಪ್ರಾಯ. ಕೇಳುವವನಿಗೆ ಮೊದಲು ಏನು ಬೇಕು, ಯಾವುದನ್ನು ಬಿಡಬಹುದು, ಯಾವ ಮಾತಿಗೆ ಯಾವ ಆಧಾರ ಎಂಬ ವಿವೇಕವು ಯಾವ ಭಾಷೆಗೂ ಸೇರಿದುದಲ್ಲ. ಅದನ್ನು ಬಲ್ಲ ಭಾಷೆಯಲ್ಲಿ ಕಲಿಯುವುದು ಸುಲಭ. ಕನ್ನಡದಲ್ಲಿ ಹತ್ತು ನಿಮಿಷ ತಪ್ಪಿಲ್ಲದೆ ತನ್ನ ಕೆಲಸವನ್ನು ವಿವರಿಸಬಲ್ಲವನಿಗೆ ಇಂಗ್ಲಿಷಿನಲ್ಲಿ ಬೇಕಾಗುವುದು ಪದಗಳು ಮಾತ್ರ.

ಆದುದರಿಂದ ಒಂದು ಸೂಚನೆಯನ್ನು ವಿದ್ವಾಂಸರ ಮುಂದೆ ಇಡುತ್ತೇನೆ. ನಮ್ಮ ವಿಶ್ವವಿದ್ಯಾನಿಲಯಗಳಿಗೆ ಒಪ್ಪಿಸುವ ಪ್ರತಿಯೊಂದು ವಿಜ್ಞಾನದ ಮಹಾಪ್ರಬಂಧದೊಡನೆ ಹತ್ತು ಪುಟದ ಕನ್ನಡ ಸಂಗ್ರಹವೂ ಇರಬೇಕು; ಅದು ಇಂಗ್ಲಿಷ್ ಸಾರಾಂಶದ ಭಾಷಾಂತರವಾಗಿರದೆ ಸ್ವತಂತ್ರ ಬರಹವಾಗಿರಬೇಕು; ಅದಕ್ಕೂ ಪರೀಕ್ಷಕರಿರಬೇಕು; ಅದರ ಗುಣವು ಮುಂದೆ ನೇಮಕದಲ್ಲಿಯೂ ಬಡ್ತಿಯಲ್ಲಿಯೂ ಲೆಕ್ಕಕ್ಕೆ ಬರಬೇಕು. ಪರಿಭಾಷೆಯಿಲ್ಲವೆಂಬ ಆಕ್ಷೇಪಣೆಯು ೧೯೧೮ರಲ್ಲಿ ಸಲ್ಲುತ್ತಿದ್ದಿತು. ೧೯೪೬ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು ಬಂದ ಮೇಲೆ, ಆ ಬಳಿಕ ವಿಶ್ವಕೋಶಗಳೂ ಪಾರಿಭಾಷಿಕ ಕೋಶಗಳೂ ಬೆಳೆದ ಮೇಲೆ, ಅದು ಸೋಮಾರಿತನದ ಇನ್ನೊಂದು ಹೆಸರು. ಪರೀಕ್ಷಕರು ಎಲ್ಲಿಂದ ಬರಬೇಕೆಂಬ ಪ್ರಶ್ನೆಯೇ ಹೆಚ್ಚು ಕಠಿನವಾದುದು. ವಿಜ್ಞಾನದ ಪ್ರಾಧ್ಯಾಪಕನೊಬ್ಬನೇ ಸಾಲದು. ಕನ್ನಡ ಪ್ರಾಧ್ಯಾಪಕನೂ ಒಬ್ಬನು ಜೊತೆಗಿರಲಿ. ತೆಂಗನ್ನು ಕುರಿತ ಪ್ರಬಂಧವಾದರೆ ಮೂರನೆಯವನಾಗಿ ಹೊನ್ನವಳ್ಳಿಯ ಕಡೆಯ ಒಬ್ಬ ತೋಟದ ಯಜಮಾನನನ್ನು ಕೂರಿಸಿ, ಓದಿ ಹೇಳಿಸಿ, ತಿಳಿಯಿತೆ ಎಂದು ಕೇಳುವುದಕ್ಕೆ ಯಾವ ನಿಯಮವೂ ಅಡ್ಡಬರಲಾರದು.